ರಕ್ತದಲ್ಲಿ ಸ್ಟ್ಯಾಫ್ ಬೆಳೆದಿದೆ, ಸೋಂಕಿನ ನೆಲೆ ಸಿಗುತ್ತಿಲ್ಲ: ಯಾವ ಟ್ರೇಸರ್ ಮೊದಲು?

ಪ್ರಶ್ನೆ (ಜನರಲ್ ಮೆಡಿಸಿನ್ ಸ್ನಾತಕೋತ್ತರ ವಿದ್ಯಾರ್ಥಿನಿ)
ಬ್ಲಡ್ ಕಲ್ಚರ್‌ನಲ್ಲಿ ಸ್ಟ್ಯಾಫಿಲೋಕಾಕಸ್ ಔರಿಯಸ್ (ಸ್ಟ್ಯಾಫ್) ಬ್ಯಾಕ್ಟೀರಿಯಾ ಬೆಳೆದು, ಸರಿಯಾದ ಆಂಟಿಬಯಾಟಿಕ್ ಆರಂಭಿಸಿ 72 ಗಂಟೆ ಕಳೆದರೂ ಜ್ವರ ಇಳಿಯದ, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಏನೂ ಕಾಣದ ರೋಗಿಗಳಲ್ಲಿ ಸೋಂಕಿನ ನೆಲೆಯನ್ನು ಹುಡುಕಲು ಎಫ್‌ಡಿಜಿ (ವಿಕಿರಣಶೀಲ ಗುರುತಿರುವ, ಗ್ಲೂಕೋಸಿನಂಥ ವಸ್ತು), ಗ್ಯಾಲಿಯಂ ಮತ್ತು ಗುರುತು ಹಚ್ಚಿದ ಬಿಳಿ ರಕ್ತಕಣ, ಈ ಟ್ರೇಸರ್‌ಗಳಲ್ಲಿ (ದೇಹದಲ್ಲಿ ತಾವು ಸೇರಿದ ಜಾಗವನ್ನು ಸ್ಕ್ಯಾನಿನಲ್ಲಿ ತೋರಿಸುವ ವಿಕಿರಣಶೀಲ ವಸ್ತುಗಳಲ್ಲಿ) ಯಾವುದನ್ನು ಮೊದಲು ಆರಿಸಬೇಕು? ಎಫ್‌ಡಿಜಿ ಎಲ್ಲ ಬಗೆಯ ಉರಿಯೂತದಲ್ಲೂ ಸೇರುವುದಾದರೆ, ಬಿಳಿ ರಕ್ತಕಣಗಳ ಸ್ಕ್ಯಾನೇ ಮೇಲಲ್ಲವೇ?

ಉತ್ತರ 1 (ನ್ಯೂಕ್ಲಿಯರ್ ಮೆಡಿಸಿನ್ ವೈದ್ಯ)
ನೆಲೆ ಎಲ್ಲಿದೆಯೆಂಬ ಸುಳಿವೇ ಇಲ್ಲದಿದ್ದರೆ ಎಫ್‌ಡಿಜಿ ಬಳಸುವ ಪೆಟ್-ಸಿ.ಟಿ. ಸ್ಕ್ಯಾನೇ ಮೊದಲು. ಕೆರಳಿದ ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕಣಗಳು ಗ್ಲೂಕೋಸನ್ನು ಹೆಚ್ಚಾಗಿ ಹೀರುವುದರಿಂದ, ಚುಚ್ಚುಮದ್ದಿನ ನಂತರ ಸುಮಾರು ಒಂದು ಗಂಟೆಯಲ್ಲೇ ಇಡೀ ದೇಹದ ಚಿತ್ರ ಸಿಗುತ್ತದೆ. ಬಿಳಿ ರಕ್ತಕಣಗಳ ಸ್ಕ್ಯಾನಿಗೆ ಸುಮಾರು 50 ಮಿ.ಲೀ. ರಕ್ತ ತೆಗೆದು, ಕಣಗಳನ್ನು ಬೇರ್ಪಡಿಸಿ, ಟೆಕ್ನೀಷಿಯಂ-99ಎಂ ಅಥವಾ ಇಂಡಿಯಂ-111 ಎಂಬ ವಿಕಿರಣಶೀಲ ಗುರುತು ಹಚ್ಚಿ, ಅದೇ ರೋಗಿಗೆ ಮರಳಿ ಚುಚ್ಚಿ, ಮರುದಿನವೂ ಚಿತ್ರ ತೆಗೆಯಬೇಕಾಗುತ್ತದೆ. ಸೋಂಕಿಗೆ ಅದು ಹೆಚ್ಚು ನಿರ್ದಿಷ್ಟ ಎಂಬುದು ನಿಜ. ಆದರೆ ಸ್ಟ್ಯಾಫ್ ಬಹಳ ಇಷ್ಟಪಡುವ ಬೆನ್ನುಮೂಳೆಯಲ್ಲಿ ಅದು ಸೋಲುತ್ತದೆ. ಸೋಂಕಿರುವ ಕಶೇರುಕ (ಬೆನ್ನುಮೂಳೆಯ ಬಿಡಿ ಮೂಳೆ) ಹಲವು ಬಾರಿ ಖಾಲಿ ಜಾಗದಂತೆ ಕಾಣುತ್ತದೆ. ಗ್ಯಾಲಿಯಂ-67ರ ಅರ್ಧಾಯು 78 ಗಂಟೆ; ಚಿತ್ರಕ್ಕೆ ಎರಡು-ಮೂರು ದಿನ ಕಾಯುವಷ್ಟು ಸಮಯ ಈ ರೋಗಿಗಳಿಗಿಲ್ಲ.

ಉತ್ತರ 2 (ಸೋಂಕುರೋಗ ತಜ್ಞೆ)
ಮೇಲಿನ ಮಾತನ್ನು ಒಪ್ಪುತ್ತೇನೆ. ಹೃದಯದ ವಿಷಯವನ್ನು ಸೇರಿಸಬೇಕು. ಹೃದಯದ ಸ್ನಾಯು ತಾನೇ ಎಫ್‌ಡಿಜಿಯನ್ನು ಹೀರುವುದರಿಂದ, ಕವಾಟದ ಸೋಂಕಿನ ಶಂಕೆಯಿದ್ದರೆ ಹಿಂದಿನ ದಿನ ಅನ್ನ, ಮುದ್ದೆ, ಹಣ್ಣು, ಸಕ್ಕರೆ ಎಲ್ಲವನ್ನೂ ಬಿಡಿಸಿ, ಮೊಟ್ಟೆ, ಮಾಂಸ, ಪನೀರಿನಂಥ ಆಹಾರ ಕೊಟ್ಟು, ನಂತರ 12 ಗಂಟೆಗೂ ಹೆಚ್ಚು ಉಪವಾಸ ಇಡಬೇಕು. ವಾರ್ಡಿನಲ್ಲಿ ಯಾರೋ ರಾತ್ರಿ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಡ್ರಿಪ್ ಹಾಕಿದರೆ ಇಡೀ ತಯಾರಿ ವ್ಯರ್ಥ. ದಯವಿಟ್ಟು ಕೇಸ್ ಶೀಟಿನಲ್ಲಿ ದೊಡ್ಡದಾಗಿ ಬರೆದಿಡಿ. ಕೃತಕ ಕವಾಟ ಹಾಕಿ ಹೆಚ್ಚು ಕಾಲವಾಗಿಲ್ಲದಿದ್ದರೆ, ಶಸ್ತ್ರಚಿಕಿತ್ಸೆಯ ಉರಿಯೂತವೇ ಬೆಳಗಬಹುದು. ನಿಮ್ಮ ಬಿಳಿ ರಕ್ತಕಣಗಳ ಸ್ಕ್ಯಾನಿಗೆ ನಿಜವಾದ ಜಾಗ ಅಲ್ಲಿದೆ. ಸ್ವಂತ ಕವಾಟದ ಮೇಲಿನ ಸಣ್ಣ ವೆಜಿಟೇಶನ್‌ಗಳು (ಸೋಂಕಿನ ಗಂಟುಗಳು) ಎಫ್‌ಡಿಜಿಗೆ ತಪ್ಪಿಸಿಕೊಳ್ಳುವುದರಿಂದ ಟಿ.ಇ.ಇ. (ಅನ್ನನಾಳದ ಮೂಲಕ ಮಾಡುವ ಎಕೋ) ಬಿಡುವಂತಿಲ್ಲ, ಮಿದುಳಿಗೆ ಎಂ.ಆರ್.ಐ. ಬೇಕೇ ಬೇಕು.

ಪ್ರಶ್ನೆ ಕೇಳಿದವರು
ಧನ್ಯವಾದಗಳು ಸರ್, ಮೇಡಂ. ಪೆಟ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು ಓದಿದ್ದೇನೆ. ಅದನ್ನು ನಂಬಬಹುದೇ?

ಉತ್ತರ 2 (ಸೋಂಕುರೋಗ ತಜ್ಞೆ)
ಎಚ್ಚರದಿಂದ ಓದಿ. ಸ್ಕ್ಯಾನಿನ ದಿನದವರೆಗೆ ಬದುಕಿದ್ದವರಷ್ಟೇ ಆ ಗುಂಪಿಗೆ ಸೇರುತ್ತಾರೆ; ಮೊದಲ ದಿನಗಳಲ್ಲೇ ತೀರಿಕೊಂಡವರೆಲ್ಲ ಇನ್ನೊಂದು ಗುಂಪಿನ ಲೆಕ್ಕಕ್ಕೆ ಹೋಗುತ್ತಾರೆ. ಸ್ಕ್ಯಾನಿನಲ್ಲಿ ಕಂಡ ಕೀವನ್ನು ಬರಿದು ಮಾಡಿದಾಗ, ಕೆಟ್ಟ ಪೇಸ್‌ಮೇಕರ್ ಲೀಡನ್ನು ತೆಗೆದಾಗ, ಇಲ್ಲವೇ ಚಿಕಿತ್ಸೆಯನ್ನು ಎರಡು ವಾರದಿಂದ ಆರು ವಾರಕ್ಕೆ ವಿಸ್ತರಿಸಿದಾಗ ಮಾತ್ರ ರೋಗಿಗೆ ಅದರಿಂದ ಉಪಯೋಗ.