ಜಗಲಿಯಲ್ಲಿ ಜಾಗವಿಲ್ಲ

ಕಾಸರಗೋಡಿನ ಬದಿಯಡ್ಕದ ಚಹಾದಂಗಡಿಯಲ್ಲಿ ಮಳೆ ಬಿಡಲೆಂದು ಕಾಯುತ್ತಿದ್ದೆವು. ಶೆಟ್ಟರು ಮೊಮ್ಮಗನ ಲೆಕ್ಕದ ಪುಸ್ತಕವನ್ನು ಮೇಜಿಗೆ ಬಡಿದರು. 52ರಲ್ಲಿ 17 ಕಳೆದು ಹುಡುಗ 45 ಎಂದು ಬರೆದಿದ್ದ.

"ಇವನ ತಲೆಯೊಳಗೆ ಬರೀ ಅಡಿಕೆ ಸಿಪ್ಪೆ!"

ಮಾಷ್ಟ್ರು ಗೋಳಿಬಜೆಯನ್ನು ಕೆಳಗಿಟ್ಟರು. ವಿಷಯ ಅಷ್ಟು ಗಂಭೀರವಾಗಿತ್ತು. "ಈ 45ಕ್ಕೆ ಬರಲು ಎರಡು ದಾರಿಗಳಿವೆ. ಎರಡರಲ್ಲಿ ಏಳು ಹೋಗದೆಂದು ಏಳರಲ್ಲೇ ಎರಡನ್ನು ಕಳೆದಿರಬಹುದು. ಹಾಗಾದರೆ ಅವನಿಗೆ ಸ್ಥಾನಬೆಲೆಯೇ ಗೊತ್ತಾಗಿಲ್ಲ. ಇಲ್ಲವೇ ಪಕ್ಕದ ಮನೆಯಿಂದ ಹತ್ತು ಸಾಲ ತಂದು, ತಂದದ್ದನ್ನೇ ಮರೆತಿರಬಹುದು. ತಪ್ಪು ಒಂದೇ, ಮದ್ದು ಬೇರೆ ಬೇರೆ."

"ಸಾಲ ಮರೆತದ್ದಾದರೆ ಅಜ್ಜನ ಕಡೆಯಿಂದ ಬಂದದ್ದು," ಎಂದರು ಭಟ್ಟರು.

ಶೆಟ್ಟರು ಕೇಳಿಸದವರಂತೆ ಚಹಾ ಹೀರಿದರು.

ಮಾಷ್ಟ್ರು ಮುಂದುವರಿಸಿದರು: "ಲೆಕ್ಕ ಮಾಡುವಾಗ ಅಂಕೆಗಳನ್ನು ಇಳಿಸಿಡಲು ಮನಸ್ಸಿಗೊಂದು ಜಗಲಿಯಿದೆ, ಬಹಳ ಸಣ್ಣದು. ಏಳು ಸಾಮಾನು, ಎರಡು ಹೆಚ್ಚು ಅಥವಾ ಕಡಿಮೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು."

"ನಮ್ಮನ್ನು ಕೇರಳಕ್ಕೆ ಸೇರಿಸಿದ ವರ್ಷ!" ಭಟ್ಟರಿಗೆ ಆ ಇಸವಿ ಕೇಳಿದರೆ ಸಾಕು. "ನನ್ನ ಜಗಲಿ ಅಂದಿನಿಂದ ತುಂಬಿಯೇ ಇದೆ."

"2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಮಕ್ಕಳದ್ದು ಇನ್ನೂ ಕಿರಿದು. ನೀವು ಗದರಿಸಿದರೆ ಹೆದರಿಕೆ ಬಂದು ಅಲ್ಲಿಯೇ ಚಾಪೆ ಹಾಸಿ ಮಲಗುತ್ತದೆ. ಮತ್ತೆ ಅಂಕೆಗಳು ಕುಳಿತುಕೊಳ್ಳುವುದೆಲ್ಲಿ? ಮಗ್ಗಿ ಬಾಯಿಗೆ ಬಂದಿದ್ದರೆ ಅದು ಒಳಕೋಣೆಯಲ್ಲಿರುತ್ತದೆ, ಜಗಲಿ ಖಾಲಿ."

ಇಷ್ಟಕ್ಕೆ ನಿಲ್ಲಿಸಿದ್ದರೆ ಅವರು ಮಾಷ್ಟ್ರು ಹೇಗಾಗುತ್ತಾರೆ? ಡಿಸ್ಕ್ಯಾಲ್ಕುಲಿಯಾ, ಅಂದರೆ ಲೆಕ್ಕ ಕಲಿಯುವುದರಲ್ಲಿನ ತೊಡಕು, ಎಂದರು. ಬುದ್ಧಿ ಚುರುಕಾಗಿದ್ದರೂ ಕೆಲವು ಮಕ್ಕಳಿಗೆ ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಥಟ್ಟನೆ ಹೊಳೆಯುವುದಿಲ್ಲವಂತೆ. ಅದಕ್ಕೆ ಸೋಮಾರಿತನವೆಂದು ಹೆಸರಿಟ್ಟು ಹೊಡೆಯಬಾರದಂತೆ.

ನನಗೆ ನಮ್ಮೂರಿನದೇ ತೊಡಕು ನೆನಪಾಯಿತು. ಕನ್ನಡದ ತೊಂಬತ್ತು ಹತ್ತುಗಳ ಸಾಲಿನಲ್ಲಿ ಮರ್ಯಾದೆಯಾಗಿ ನಿಲ್ಲುತ್ತದೆ. ಮಲಯಾಳದ ತೊಣ್ಣೂರು ಮಾತ್ರ ನೂರರ ಅಂಗಿ ತೊಟ್ಟು ಬರುತ್ತದೆ. ನಮ್ಮ ಒಂಬೈನೂರು ಅವರಿಗೆ ತೊಳ್ಳಾಯಿರಂ. ಅದರೊಳಗೆ ಆಯಿರಂ, ಅಂದರೆ ಸಾವಿರವೇ ಅಡಗಿದೆ. ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಅಂಗಳದಲ್ಲಿ ತುಳು! ಆ ಹುಡುಗ ಲೆಕ್ಕಕ್ಕೆ ಮುಂಚೆ ಅನುವಾದ ಮಾಡಬೇಕು.

"ನಾವೆಲ್ಲ ಕಲಿಯಲಿಲ್ಲವೇ?" ಎನ್ನುತ್ತ ಶೆಟ್ಟರು ಬಿಲ್ಲಿನ ಲೆಕ್ಕಕ್ಕೆ ಕೈ ಹಾಕಿದರು. "ಚಹಾ ನಾಲ್ಕು, ನಲವತ್ತೆಂಟು. ಗೋಳಿಬಜೆ ಮೂರು ಪ್ಲೇಟು..."

ಭಟ್ಟರು ಅವರ ಕಿವಿಯ ಬಳಿ ಬಾಗಿ ಅಡಿಕೆ ಧಾರಣೆ ಹೇಳತೊಡಗಿದರು: "ಮುನ್ನೂರ ತೊಂಬತ್ತು, ನಾನೂರ ಐದು, ನಾನೂರ ಇಪ್ಪತ್ತು..."

"ಸುಮ್ಮನಿರಿ ಮಾರಾಯರೇ!" ಶೆಟ್ಟರು ಮೂರನೆಯ ಬಾರಿ ಚಹಾದಿಂದಲೇ ಶುರು ಮಾಡಿದರು.