ದೊಡ್ಡ ಚಾಕು, ಸಣ್ಣ ಚಾಕು, ತುರ್ತು ಡಬ್ಬಿ: ಒಟ್ಟಿಗೆ ಕಟ್ಟಿಟ್ಟರೆ ಮೂರೂ ಕೆಡುತ್ತಿವೆ, ದಯವಿಟ್ಟು ಪರಿಹಾರ ತಿಳಿಸಿ

ಒದ್ದೆಬೂಟು (ಜಯನಗರ), ಭಾನುವಾರ ರಾತ್ರಿ 10.40

ಇದೇ ತೊಂದರೆ ಎರಡನೆಯ ಸಲ ಎದುರಾಗಿರುವುದರಿಂದ ತಾಳ್ಮೆ ಕಳೆದುಕೊಂಡು ಬರೆಯುತ್ತಿದ್ದೇನೆ. ಮಾತು ಒರಟಾಗಿ ಕಂಡರೆ ಕ್ಷಮಿಸಬೇಕು. ಏಳು ಇಂಚಿನ ಅಲಗಿರುವ, 1095 ಕಾರ್ಬನ್ ಉಕ್ಕಿನ ದೊಡ್ಡ ಚಾಕುವೊಂದು ನನ್ನಲ್ಲಿದೆ. ಅದರ ಚರ್ಮದ ಒರೆಯ ಮುಂಭಾಗಕ್ಕೆ ಶಿವಾಜಿನಗರದಲ್ಲಿ ಒಂದು ಜೇಬು ಹೊಲಿಸಿ, ಅದರಲ್ಲಿ ಅಂಗೈಯಗಲದ ತಗಡಿನ ತುರ್ತು ಡಬ್ಬಿಯನ್ನೂ, ಡಬ್ಬಿಗೆ ಒತ್ತಿಕೊಂಡಿರುವ ಸಂದಿಯಲ್ಲಿ ನಾಲ್ಕು ಇಂಚಿನ ಸ್ಟೇನ್‌ಲೆಸ್ ಚಾಕುವನ್ನೂ, ಪಕ್ಕದ ಕುಣಿಕೆಯಲ್ಲಿ ಫೆರೋ ರಾಡನ್ನೂ (ಕೆರೆದರೆ ಕಿಡಿ ಚಿಮ್ಮಿಸುವ ಲೋಹದ ಕಡ್ಡಿ) ಇಟ್ಟಿದ್ದೇನೆ. ಬೆನ್ನಚೀಲ ಕೈತಪ್ಪಿದರೂ ಸೊಂಟದಲ್ಲಿ ಇಷ್ಟಾದರೂ ಉಳಿಯಲಿ ಎಂಬುದು ನನ್ನ ಲೆಕ್ಕ.

ಕುಮಾರಪರ್ವತಕ್ಕೆ ಹೊರಡುವ ಹಿಂದಿನ ರಾತ್ರಿ ಬಿಚ್ಚಿ ನೋಡಿದರೆ, ದೊಡ್ಡ ಚಾಕುವಿನ ಒಂದು ಮಗ್ಗುಲಿಗೆ ಇಟ್ಟಿಗೆಪುಡಿ ಬಳಿದಂತೆ ತುಕ್ಕು ಹಿಡಿದಿತ್ತು. ತುಕ್ಕೇ ಹಿಡಿಯದೆಂದು ನಂಬಿ ಕೊಂಡ ಸಣ್ಣ ಚಾಕುವಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಕಪ್ಪು ಚುಕ್ಕಿಗಳಿದ್ದವು. ಫೆರೋ ರಾಡು ಬೂದುಬಿಳಿ ಪುಡಿಯನ್ನು ಉದುರಿಸಿತೇ ಹೊರತು ಒಂದು ಕಿಡಿಯನ್ನೂ ಕೊಡಲಿಲ್ಲ. ಚೆನ್ನಾಗಿ ಒರೆಸಿ, ಒಣಗಿಸಿ, ಎಣ್ಣೆ ಸವರಿ, ಕಪಾಟಿನಲ್ಲಿಟ್ಟು ಮೂರು ವಾರ ಕಳೆದಿತ್ತು, ಅಷ್ಟೆ. ಕಾರಣವೇನೆಂದು ಬಲ್ಲವರು ತಿಳಿಸಿ.

ಸಾಣೆಕಲ್ಲು (ಮಲ್ಲೇಶ್ವರ), ಭಾನುವಾರ ರಾತ್ರಿ 11.15

ಕಾರಣವು ನಿಮ್ಮ ಮೊದಲ ಸಾಲುಗಳಲ್ಲಿಯೇ ಇದೆ: ಚರ್ಮದ ಒರೆ. ಚರ್ಮವು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹದ ಮಾಡುವಾಗ ಬಳಸಿದ ರಾಸಾಯನಿಕಗಳ ಶೇಷವೂ ಅದರೊಳಗೆ ಉಳಿದಿರುತ್ತದೆ. ಆದ್ದರಿಂದಲೇ ಕಾರ್ಬನ್ ಉಕ್ಕಿನ ಅಲಗನ್ನು ಚರ್ಮದ ಒರೆಯಲ್ಲಿ ದೀರ್ಘಕಾಲ ಇಡಬಾರದೆಂದು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಚಾರಣಕ್ಕೆ ಹೋಗುವಾಗ ಮಾತ್ರ ಒರೆಗೆ ಹಾಕಿ, ಮನೆಗೆ ಬಂದ ಮೇಲೆ ಅಲಗನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಅಂದಹಾಗೆ, ಯಾವ ಎಣ್ಣೆಯನ್ನು ಸವರಿದ್ದೀರಿ?

ಒದ್ದೆಬೂಟು, ಭಾನುವಾರ ರಾತ್ರಿ 11.22

ಕೊಬ್ಬರಿ ಎಣ್ಣೆ.

ಸಾಣೆಕಲ್ಲು, ಭಾನುವಾರ ರಾತ್ರಿ 11.31

ಹೊಲಿಗೆ ಯಂತ್ರದ ಎಣ್ಣೆಯನ್ನು ಬಳಸಬೇಕಿತ್ತು. ಖಾದ್ಯತೈಲಗಳು ಕಾಲಕ್ರಮೇಣ ಅಂಟಂಟಾಗಿ ಕಮಟುತ್ತವೆ.

ತೋಟದಕತ್ತಿ (ಬನಶಂಕರಿ), ಸೋಮವಾರ ಬೆಳಿಗ್ಗೆ 7.05

ಕೊಬ್ಬರಿ ಎಣ್ಣೆಯನ್ನು ಹೀಗೆ ತಳ್ಳಿಹಾಕುವುದು ಸರಿಯಲ್ಲ. ನಮ್ಮ ಊರಿನ ಮನೆಯಲ್ಲಿ ಅಡಿಕೆ ತೋಟಕ್ಕೆ ಒಯ್ಯುವ ಕತ್ತಿಗೆ ಅಜ್ಜನ ಕಾಲದಿಂದಲೂ ಅದನ್ನೇ ಸವರುತ್ತಿದ್ದೇವೆ. ಮಲೆನಾಡಿನ ಮಳೆಯನ್ನು ತಡೆದುಕೊಂಡ ಎಣ್ಣೆಗೆ ಜಯನಗರದ ಕಪಾಟು ಒಂದು ಲೆಕ್ಕವೇ?

ಸಾಣೆಕಲ್ಲು, ಸೋಮವಾರ ಬೆಳಿಗ್ಗೆ 8.40

ನಿಮ್ಮ ಕತ್ತಿಯು ದಿನವೂ ಮರಕ್ಕೆ ಉಜ್ಜಿ, ವಾರಕ್ಕೊಮ್ಮೆ ಮಸೆಗಲ್ಲು ಕಾಣುವುದರಿಂದ ಹೊಳೆಯುತ್ತಿದೆ. ಅದರ ಕೀರ್ತಿಯನ್ನು ಎಣ್ಣೆಗೆ ಕೊಡಬೇಡಿ. ಇಲ್ಲಿ ಅಲಗು ಮೂರು ವಾರ ಅಲುಗಾಡದೆ ಚರ್ಮದೊಳಗಿತ್ತು.

ಮೋಡದಮನೆ (ಯಲಹಂಕ), ಸೋಮವಾರ ಮಧ್ಯಾಹ್ನ 1.10

ಫೆರೋ ರಾಡಿನ ವಿಷಯ ಬೇರೆ ಇರಬಹುದು. ಹೊಸ ರಾಡಿನ ಮೇಲೆ ಕಪ್ಪು ಲೇಪವೊಂದಿರುತ್ತದೆ. ಅದನ್ನು ಕೆರೆದು ತೆಗೆಯದೆ ಕಿಡಿ ಬರುವುದಿಲ್ಲ. ಜೊತೆಗೆ, ಉಜ್ಜಲು ಬಳಸುವ ಚಾಕುವಿನ ಬೆನ್ನು ಚೂಪಾದ ಲಂಬಕೋನದ ಅಂಚನ್ನು ಹೊಂದಿರಬೇಕು. ಬೆನ್ನು ದುಂಡಗಿದ್ದರೆ ರಾಡಿನ ಮೇಲೆ ಜಾರುತ್ತದೆ, ಕೆರೆಯುವುದಿಲ್ಲ. ಸಣ್ಣ ಚಾಕುವಿನ ಬೆನ್ನನ್ನು ಅರದಿಂದ ಚೌಕ ಮಾಡಿಸಿದ್ದೀರಾ?

ಒದ್ದೆಬೂಟು, ಸೋಮವಾರ ರಾತ್ರಿ 9.30

ಸ್ವಾಮಿ, ಬೆನ್ನನ್ನು ಚೌಕ ಮಾಡಿಸಿ ಒಂದು ವರ್ಷವಾಯಿತು. ಅದೇ ರಾಡು ಎರಡು ತಿಂಗಳ ಹಿಂದೆ ಸಕಲೇಶಪುರದ ಗೆಳೆಯರ ತೋಟದಲ್ಲಿ, ಜಿಟಿಜಿಟಿ ಮಳೆಯಲ್ಲಿಯೂ ಒಂದೇ ಎಳೆತಕ್ಕೆ ಹತ್ತಿಯನ್ನು ಹೊತ್ತಿಸಿತ್ತು. ಚರ್ಮದ ಸಿದ್ಧಾಂತದ ಬಗ್ಗೆ ಒಂದು ಮಾತು: ಇದೇ ಒರೆಯಲ್ಲಿ ದೊಡ್ಡ ಚಾಕು ಎರಡು ಮಳೆಗಾಲಗಳನ್ನು ಕಳೆದಿದೆ. ಆಗ ಬರದ ತುಕ್ಕು ಈಗೇಕೆ ಬಂತು? ಅದೂ ಜೇಬಿನ ಕಡೆಗಿರುವ ಮಗ್ಗುಲಿಗೆ ಮಾತ್ರ ಏಕೆ? ಡಬ್ಬಿಯೊಳಗಿನ ಎರಡು ಸೂಜಿಗಳಿಗೂ ಮೀನು ಗಾಳಕ್ಕೂ ತುಕ್ಕು ಹಿಡಿದಿದೆ. ಮುಚ್ಚಳ ತೆರೆದಾಗ ಒಂದು ಬಗೆಯ ಔಷಧದ ವಾಸನೆಯೂ ಬರುತ್ತದೆ, ಅದಂತೂ ಮೊದಲಿನಿಂದಲೂ ಇದೆ.

ಕಾಯಿದೆಪುಸ್ತಕ (ರಾಜಾಜಿನಗರ), ಸೋಮವಾರ ರಾತ್ರಿ 10.02

ತುಕ್ಕಿಗಿಂತ ದೊಡ್ಡ ತೊಂದರೆ ನಿಮ್ಮನ್ನು ಕಾದಿತ್ತು ಎಂಬುದನ್ನು ಯಾರಾದರೂ ಹೇಳಲೇಬೇಕು. ಕುಮಾರಪರ್ವತವು ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 31ನೆಯ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧವನ್ನು ಒಯ್ಯುವಂತಿಲ್ಲ, ಮತ್ತು ಆ ಕಾಯಿದೆಯು ಆಯುಧವೆಂದರೇನು ಎಂದು ವಿವರಿಸುವಾಗ ಚಾಕುಗಳನ್ನೂ ಹೆಸರಿಸುತ್ತದೆ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 30ನೆಯ ಕಲಮು ನಿಷೇಧಿಸುತ್ತದೆ. ಅಂದ ಮೇಲೆ ಏಳು ಇಂಚಿನ ಅಲಗೂ ಫೆರೋ ರಾಡೂ ಅಲ್ಲಿ ಯಾವ ಉಪಯೋಗಕ್ಕೆ?

ಮೋಡದಮನೆ, ಸೋಮವಾರ ರಾತ್ರಿ 10.20

ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳ ಬಗ್ಗೆ ಮಾತ್ರ ಹೇಳುತ್ತವೆಯಲ್ಲವೇ? ಏಳು ಇಂಚಿಗೆ ಏನಡ್ಡಿ?

ಕಾಯಿದೆಪುಸ್ತಕ, ಸೋಮವಾರ ರಾತ್ರಿ 10.34

ಅದು ಬೇರೆ ಕಾಯಿದೆ, ಇದು ಬೇರೆ ಕಾಯಿದೆ. ನೀವು ಹೇಳಿದ ಅಳತೆಯಿಂದ ಗೃಹಬಳಕೆ ಮತ್ತು ಬೇಸಾಯದ ಉಪಕರಣಗಳನ್ನು ಹೊರತುಪಡಿಸಿರುವುದರಿಂದಲೇ ಕೆ.ಆರ್. ಮಾರುಕಟ್ಟೆಯಲ್ಲಿ ಮಚ್ಚುಗಳನ್ನು ರಾಶಿ ಹಾಕಿ ಮಾರುತ್ತಾರೆ. ಅಭಯಾರಣ್ಯದ ಗೇಟಿನಲ್ಲಿ ಆ ಅಳತೆ ನೆರವಿಗೆ ಬರುವುದಿಲ್ಲ.

ಒದ್ದೆಬೂಟು, ಸೋಮವಾರ ರಾತ್ರಿ 10.50

ದೊಡ್ಡ ಚಾಕು ಕುಮಾರಪರ್ವತಕ್ಕೆ ಬರಲೇ ಇಲ್ಲ, ಬರುವುದೂ ಇರಲಿಲ್ಲ. ಡಬ್ಬಿಯನ್ನು ಬೇರ್ಪಡಿಸಿಕೊಳ್ಳಲೆಂದು ಒರೆ ಬಿಚ್ಚಿದ್ದೆ. ಈ ಜೋಡಿಯನ್ನು ಬಳಸುವುದು ಗೆಳೆಯರ ಖಾಸಗಿ ತೋಟದಲ್ಲಿ ಮಾತ್ರ. ದಯವಿಟ್ಟು ತುಕ್ಕಿನ ವಿಷಯಕ್ಕೆ ಬನ್ನಿ.

ತೋಟದಕತ್ತಿ, ಮಂಗಳವಾರ ಬೆಳಿಗ್ಗೆ 6.50

ದೊಡ್ಡದನ್ನೂ ಸಣ್ಣದನ್ನೂ ಒಂದೇ ಕಡೆ ಕಟ್ಟಿದ್ದೇ ಮೂಲದೋಷ ಎಂದು ನನಗನ್ನಿಸುತ್ತದೆ. ಕೊಡಗಿನವರ ಉಡುಪನ್ನು ಗಮನಿಸಿ: ಪೀಚೆಕತ್ತಿ ಎಂಬ ಸಣ್ಣ ಬಾಕು ಮುಂದೆ, ಸೊಂಟಕ್ಕೆ ಸುತ್ತಿದ ಚೇಲೆ ಎಂಬ ಬಟ್ಟೆಯಲ್ಲಿ, ಒಡಿಕತ್ತಿ ಎಂಬ ಅಗಲ ಅಲಗಿನ ದೊಡ್ಡ ಕತ್ತಿ ಹಿಂದೆ ಬೆನ್ನಿಗೆ. ಒಂದು ಕೈ ಸಿಕ್ಕಿಕೊಂಡರೂ ಇನ್ನೊಂದಕ್ಕೆ ಒಂದು ಕತ್ತಿ ಎಟಕುತ್ತದೆ. ನಾನೂ ಹಾಗೆಯೇ ದೊಡ್ಡ ಕತ್ತಿಯನ್ನು ಹಿಂದೆ ಕೊಕ್ಕೆಗೆ ಸಿಕ್ಕಿಸಿ, ಮಡಚುವ ಚಾಕುವನ್ನು ಅಂಗಿಯ ಜೇಬಿನಲ್ಲಿಡುತ್ತೇನೆ. ನನ್ನ ಕತ್ತಿಯ ಹಿಡಿ ಬೈನೆ ಮರದ್ದು, ಊರಿನ ಆಚಾರಿಯೇ ಕೂಡಿಸಿಕೊಟ್ಟದ್ದು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಲವೂ ಸಡಿಲಗೊಂಡಿಲ್ಲ.

ಸಾಣೆಕಲ್ಲು, ಮಂಗಳವಾರ ಬೆಳಿಗ್ಗೆ 9.15

ಹಾಗಾದರೆ ಗೂರ್ಖಾಗಳ ಖುಕುರಿಗೆ ಏನು ಹೇಳುತ್ತೀರಿ? ಅದರ ಒರೆಯ ಹಿಂಬದಿಯಲ್ಲಿಯೇ ಎರಡು ಪುಟ್ಟ ಉಪಕರಣಗಳಿರುತ್ತವೆ: ಕರ್ದಾ ಎಂಬ ಹರಿತವಾದ ಸಣ್ಣ ಚಾಕು, ಮತ್ತು ಚಕ್‌ಮಕ್ ಎಂಬ ಮೊಂಡು ಉಕ್ಕು. ಎರಡನೆಯದು ಅಲಗಿನ ಬಾಯನ್ನು ತೀಡುವುದಕ್ಕೂ ಕಲ್ಲಿಗೆ ತಾಗಿಸಿ ಕಿಡಿ ಹುಟ್ಟಿಸುವುದಕ್ಕೂ ಆಗುತ್ತದೆ. ಜೋಡಿಯನ್ನು ಒಟ್ಟಿಗಿಡುವುದು ತಪ್ಪಲ್ಲ. ಆದರೆ ಆ ಒರೆಯ ಒಳಗೆ ಮರವಿರುತ್ತದೆ, ಬರಿಯ ಚರ್ಮವಲ್ಲ. ನನ್ನ ವಾದಕ್ಕೆ ಇದು ಇನ್ನೊಂದು ಸಾಕ್ಷಿ.

ನೀರುಗಂಟಿ (ಹೆಬ್ಬಾಳ), ಮಂಗಳವಾರ ರಾತ್ರಿ 8.05

ಇಷ್ಟೊಂದು ಚರ್ಚೆಯಾದರೂ ಡಬ್ಬಿಯೊಳಗೆ ಏನೇನಿದೆ ಎಂದು ಯಾರೂ ಕೇಳಿಲ್ಲ. ದಯವಿಟ್ಟು ಒಂದೊಂದಾಗಿ ಹೇಳಿ. ಔಷಧದ ವಾಸನೆ ಎಂದಿರಲ್ಲ, ಅದು ಆಸ್ಪತ್ರೆಯ ಡೆಟಾಲಿನ ವಾಸನೆಯೋ, ಈಜುಕೊಳದ ವಾಸನೆಯೋ?

ಒದ್ದೆಬೂಟು, ಮಂಗಳವಾರ ರಾತ್ರಿ 9.00

ಎಲ್ಲರೂ ಇಡುವ ವಸ್ತುಗಳೇ ಆದ್ದರಿಂದ ಬರೆಯಲಿಲ್ಲ. ಸೂಜಿ, ಗಟ್ಟಿ ದಾರ, ಗಾಳ, ವ್ಯಾಸಲೀನ್ ಹಚ್ಚಿದ ಹತ್ತಿ, ಸೀಟಿ, ಬ್ಯಾಂಡೇಜು, ಅರ್ಧ ಬಳಸಿ ಮಡಚಿಟ್ಟ ಓಆರ್‌ಎಸ್ ಪೊಟ್ಟಣ, ನೀರು ಶುದ್ಧಿ ಮಾಡುವ ಕ್ಲೋರಿನ್ ಮಾತ್ರೆಗಳು. ಮಾತ್ರೆಗಳ ಪಟ್ಟಿ ಡಬ್ಬಿಯಲ್ಲಿ ಹಿಡಿಸದ ಕಾರಣ, ಎರಡು ತಿಂಗಳ ಹಿಂದೆ ಅವನ್ನು ಬಿಡಿಸಿ ಚಿಕ್ಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ನೀವು ಕೇಳಿದ ಮೇಲೆ ಮತ್ತೆ ಮೂಸಿದೆ. ಈಜುಕೊಳದ ವಾಸನೆಯೇ. ಮೊದಲಿನಿಂದಲೂ ಇದೆ ಎಂದದ್ದು ತಪ್ಪು, ಮಾತ್ರೆಗಳನ್ನು ಬಿಡಿಸಿದಂದಿನಿಂದ ಇದೆ.

ನೀರುಗಂಟಿ, ಮಂಗಳವಾರ ರಾತ್ರಿ 9.40

ಇನ್ನು ಮೂಸಬೇಡಿ. ಕಾರಣ ಅಲ್ಲಿಯೇ ಇದೆ.

ಆ ಮಾತ್ರೆಗಳು ತೇವ ತಗುಲಿದರೆ ಕ್ಲೋರಿನ್ ಬಿಡುವುದಕ್ಕೆಂದೇ ತಯಾರಾದವು. ಅವುಗಳನ್ನು ಒಂದೊಂದಾಗಿ ಹಾಳೆಯಲ್ಲಿ ಮುಚ್ಚಿರುವುದು ಅಂದಕ್ಕಾಗಿ ಅಲ್ಲ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಬೆಂಗಳೂರಿನ ಮಳೆಗಾಲದ ಗಾಳಿ ಸೇರಿದಂತೆಲ್ಲ ಅವು ಸ್ವಲ್ಪ ಸ್ವಲ್ಪವೇ ಅನಿಲವನ್ನು ಬಿಟ್ಟಿವೆ. ಆ ಅನಿಲವು ಡಬ್ಬಿಯ ಮುಚ್ಚಳದ ಸಂದಿನಿಂದಲೂ ಜೇಬಿನ ಹೊಲಿಗೆಯ ತೂತುಗಳಿಂದಲೂ ಹಾದು ದೊಡ್ಡ ಚಾಕುವಿನ ಹತ್ತಿರದ ಮಗ್ಗುಲನ್ನು ಮುಟ್ಟಿದೆ. 1095 ಉಕ್ಕಿನಲ್ಲಿ ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಅದು ಇಡಿಯಾಗಿ ಕೆಂಪಾಗಿದೆ. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಆ ಪದರವನ್ನು ಅಲ್ಲಲ್ಲಿ ಭೇದಿಸುವುದರಲ್ಲಿ ಕ್ಲೋರೈಡನ್ನು ಮೀರಿಸಿದ್ದಿಲ್ಲ. ಆದ್ದರಿಂದಲೇ ತುಕ್ಕು ಹರಡದೆ ಚುಕ್ಕಿಚುಕ್ಕಿಯಾಗಿ ಕೊರೆದಿದೆ. ಫೆರೋ ರಾಡಿನಲ್ಲಿರುವುದು ಕಬ್ಬಿಣದ ಜೊತೆಗೆ ಸೀರಿಯಂ, ಲ್ಯಾಂಥನಂ ಮೊದಲಾದ, ಗಾಳಿ ಸೋಕಿದರೇ ಕೆಡುವ ಲೋಹಗಳು. ನೀವು ಕಂಡ ಬೂದುಬಿಳಿ ಪುಡಿ ಅವುಗಳದ್ದೇ. ಓಆರ್‌ಎಸ್ ಪೊಟ್ಟಣವೂ ಪೂರ್ತಿ ನಿರಪರಾಧಿಯಲ್ಲ, ಅದರಲ್ಲಿ ಅಡುಗೆ ಉಪ್ಪಿದೆ. ಆದರೆ ಒಡೆದ ಪೊಟ್ಟಣದ ಉಪ್ಪು ತಗುಲಿದ ಕಡೆ ಮಾತ್ರ ಕೆಡಿಸುತ್ತದೆ, ಜೇಬಿನಾಚೆಗೆ ಹಾರುವುದಿಲ್ಲ.

ಈಗ ಮಾಡಬೇಕಾದ್ದು: ಮಾತ್ರೆಗಳನ್ನು ಎಸೆದು, ಹೊಸ ಪಟ್ಟಿಯನ್ನು ಕತ್ತರಿಸದೆ ಬೆನ್ನಚೀಲದಲ್ಲಿ, ಲೋಹದಿಂದ ದೂರ ಇಡಿ. ಡಬ್ಬಿಯನ್ನೂ ಜೇಬಿನ ಒಳಭಾಗವನ್ನೂ ಒದ್ದೆ ಬಟ್ಟೆಯಿಂದ ಹಲವು ಸಲ ಒರೆಸಿ, ಗಾಳಿಗೆ ಒಣಗಿಸಿ. ರಾಡನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು ನೋಡಿ. ಒಳಗೆ ಗಟ್ಟಿಯಾಗಿದ್ದರೆ ಕಿಡಿ ಬರುತ್ತದೆ, ಆಮೇಲೆ ಮೇಣವನ್ನೋ ಉಗುರುಬಣ್ಣವನ್ನೋ ಬಳಿದಿಡಿ. ದೊಡ್ಡ ಚಾಕು ಉಜ್ಜಿದರೆ ಸರಿಹೋಗುತ್ತದೆ. ಸಣ್ಣದರ ಚುಕ್ಕಿಗಳು ಆಳವಾಗಿದ್ದರೆ ಉಳಿಯುತ್ತವೆ, ಬಾಯಿಯ ಅಂಚಿನಲ್ಲಿ ಇಲ್ಲದಿದ್ದರೆ ಚಿಂತೆಯಿಲ್ಲ.

ಸಾಣೆಕಲ್ಲು, ಬುಧವಾರ ಬೆಳಿಗ್ಗೆ 8.30

ಒಪ್ಪಬಹುದಾದ ವಾದವೇ. ಆದರೆ ಚರ್ಮವು ತೇವವನ್ನು ಹಿಡಿದುಕೊಡದಿದ್ದರೆ ಮಾತ್ರೆಗಳು ಸುಮ್ಮನಿರುತ್ತಿದ್ದವು ಎಂಬುದನ್ನು ಮರೆಯಬಾರದು.

ನೀರುಗಂಟಿ, ಬುಧವಾರ ಬೆಳಿಗ್ಗೆ 8.55

ಪ್ರಯೋಗ ಮಾಡಿ ನೋಡಿದರಾಯಿತು.

ಒದ್ದೆಬೂಟು, ಮುಂದಿನ ಸೋಮವಾರ ರಾತ್ರಿ 9.20

ಮಾಡಿದೆ. ಉಪ್ಪಿನಕಾಯಿ ಖಾಲಿಯಾದ ಮೂರು ಬಾಟಲಿಗಳನ್ನು ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಒಂದೊಂದರಲ್ಲಿ ಎರಡೆರಡು ಹೊಸ ಸೂಜಿಗಳನ್ನು ಹಾಕಿದೆ. ಮೊದಲನೆಯದಕ್ಕೆ ಬೇರೇನೂ ಇಲ್ಲ, ಎರಡನೆಯದಕ್ಕೆ ಹೊಲಿದುಳಿದ ಚರ್ಮದ ತುಂಡು, ಮೂರನೆಯದಕ್ಕೆ ಸೂಜಿಗೆ ತಾಗದಂತೆ ಕಾಗದದ ಮೇಲೆ ಒಂದು ಮಾತ್ರೆ. ಬಾಟಲಿಗಳನ್ನು ಬಾಲ್ಕನಿಯ ನೆರಳಿನಲ್ಲಿ ಐದು ದಿನ ಇಟ್ಟಿದ್ದೆ. ಮೂರನೆಯ ಬಾಟಲಿಯ ಸೂಜಿಗಳು ಎರಡನೆಯ ದಿನವೇ ಕಂದಿ, ಈಗ ತುದಿಯಿಂದ ಕಣ್ಣಿನವರೆಗೆ ಕೆಂಪಾಗಿವೆ. ಮೊದಲ ಬಾಟಲಿಯವು ಅಂಗಡಿಯಿಂದ ತಂದಂತೆಯೇ ಇವೆ. ಫೆರೋ ರಾಡನ್ನು ಕೆರೆದೆ. ಮೇಲಿನ ಪದರ ಉದುರಿದ ಮೇಲೆ ನಾಲ್ಕನೆಯ ಎಳೆತಕ್ಕೆ ಕಿಡಿ ಚಿಮ್ಮಿತು. ನೀರುಗಂಟಿಯವರಿಗೆ ವಂದನೆಗಳು. ಸಣ್ಣ ಚಾಕುವನ್ನು ಇನ್ನು ಮುಂದೆ ಅದರದೇ ಪ್ಲಾಸ್ಟಿಕ್ ಒರೆಯಲ್ಲಿ, ಬಲಸೊಂಟಕ್ಕೆ ಬೇರೆಯಾಗಿ ಕಟ್ಟುತ್ತೇನೆ.

ಸಾಣೆಕಲ್ಲು, ಮುಂದಿನ ಸೋಮವಾರ ರಾತ್ರಿ 9.48

ಎರಡನೆಯ ಬಾಟಲಿಯ ಬಗ್ಗೆ ನೀವು ಏನೂ ಹೇಳಲಿಲ್ಲ.

ಒದ್ದೆಬೂಟು, ಮುಂದಿನ ಸೋಮವಾರ ರಾತ್ರಿ 10.05

ಒಂದು ಸೂಜಿ ಚರ್ಮಕ್ಕೆ ತಾಗಿದ್ದ ಕಡೆ ಸಾಸಿವೆಯಷ್ಟು ಕಂದು ಕಲೆಯಿದೆ.

ಸಾಣೆಕಲ್ಲು, ಮುಂದಿನ ಸೋಮವಾರ ರಾತ್ರಿ 10.06

ನಾನು ಮೊದಲೇ ಹೇಳಿದ್ದೆ.