ಹಳೇ ರೋವರ್ 75 ಟೂರರ್: ಮೊದಲು ನೀರಿನ ಲೆಕ್ಕ, ಆಮೇಲೆ ಅಲಂಕಾರ

(ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಮಾತುಕತೆ. ಬರೆದವರ ಹೆಸರಿನ ಬದಲು ಅವರವರ ಊರಿನ ಹೆಸರಿದೆ.)

ಸ್ಲೌ:
ಎಲ್ಲರಿಗೂ ನಮಸ್ಕಾರ. 2003ರ ರೋವರ್ 75 ಟೂರರ್ (ಹಿಂದೆ ಉದ್ದನೆ ಡಿಕ್ಕಿ ಇರೋ ಎಸ್ಟೇಟ್ ಕಾರು) ಕಮ್ಮಿ ಬೆಲೆಗೆ ಸಿಗ್ತಾ ಇದೆ. ಮಕ್ಕಳಿಗೆ ಆರು ಮತ್ತು ಎರಡು ವರ್ಷ, ಬೇಸಿಗೆಗೆ ಅತ್ತೆ ಹಾಸನದಿಂದ ಬರ್ತಾರೆ. ಡಿಕ್ಕಿ ದೊಡ್ಡದು ಅಂತಲೇ ಆಸೆ. 1.8 ಪೆಟ್ರೋಲ್ ನೋಡೋದೋ ಡೀಸೆಲ್ ನೋಡೋದೋ? ದುಡ್ಡು ಯಾವುದಕ್ಕೆ ಹೋಗುತ್ತೆ? ಕಮ್ಮಿ ಖರ್ಚಲ್ಲಿ ಸ್ವಲ್ಪ ಮಾಡಿಫೈ ಮಾಡಿಸ್ಕೋಬಹುದಾ?

ರೆಡಿಂಗ್:
ನೋಡಿಮ್ಮ, ಎಂಜಿನ್ ವಿಚಾರಕ್ಕೆ ಮುಂಚೆ, ಅತ್ತೆಯವರನ್ನು ಕರೆತರಲು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೋಗುವ ವಿಚಾರ ಇತ್ಯರ್ಥ ಆಗಲಿ. 2023ರ ಆಗಸ್ಟ್ 29ರಿಂದ ಯುಲೆಝ್ (ಹೊಗೆ ಹೆಚ್ಚು ಬಿಡುವ ಗಾಡಿಗೆ ದಿನದ ಶುಲ್ಕ ಹಾಕುವ ವಲಯ) ಲಂಡನ್ನಿನ ಎಲ್ಲ ಬರೋಗಳಿಗೂ, ಅಂದರೆ ಆಡಳಿತ ವಿಭಾಗಗಳಿಗೂ, ಬಂದಿದೆ, ವಿಮಾನ ನಿಲ್ದಾಣವೂ ಅದರೊಳಗೇ. ಶುಲ್ಕ ತಪ್ಪಬೇಕಾದರೆ ಹೊಗೆಯ ಮಟ್ಟ ಡೀಸೆಲ್‌ಗೆ ಯೂರೋ 6 ಇರಬೇಕು, ಪೆಟ್ರೋಲ್ ಆದರೆ ಯೂರೋ 4. ಈ ಕಾರಿನ ಡೀಸೆಲ್ ಅದಕ್ಕೆ ಎಟುಕುವ ಮಾತೇ ಇಲ್ಲ, ಒಳಗೆ ಹೋದ ದಿನಕ್ಕೆ 12.50 ಪೌಂಡ್ ಕಟ್ಟಬೇಕು. ಪೆಟ್ರೋಲ್ ಗಾಡಿಯದು ಒಂದೊಂದರದು ಒಂದೊಂದು ಥರ, ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಆ ಕಾರಿನ ನಂಬರನ್ನೇ ಟಿಎಫ್ಎಲ್ (ಲಂಡನ್ ಸಾರಿಗೆ ಸಂಸ್ಥೆ) ವೆಬ್‌ಸೈಟಿನಲ್ಲಿ ಹಾಕಿ ನೋಡಿ. ವಾರಕ್ಕೆರಡು ಸಲ ಲಂಡನ್ನಿನ ಹೌನ್ಸ್ಲೋ, ಹ್ಯಾರೋ ಕಡೆ ಹೋಗುವವರಿಗೆ ಡೀಸೆಲ್ ಬೇಡವೇ ಬೇಡ. ವರ್ಷಕ್ಕೆ ಎರಡೋ ಮೂರೋ ಸಲ ಅಂದರೆ ಪರವಾಗಿಲ್ಲ.

ಈ ಕಾರಿನ ಪೂರ್ತಿ ಕಥೆ ನೀರಿನದು. ಎಂಜಿನ್ನಿನ ನೀರು ಹೊರಗೆ ಹೋಗಬಾರದು, ಮಳೆ ನೀರು ಒಳಗೆ ಬರಬಾರದು. ಇವೆರಡನ್ನು ಕಾಯ್ದುಕೊಂಡರೆ ಗಾಡಿ ಇನ್ನೂ ಬಹಳ ವರ್ಷ ಓಡುತ್ತದೆ. ಟೂರರ್ ಮಾರಾಟಕ್ಕೆ ಬಂದದ್ದು 2001ರಲ್ಲಿ, ಲಾಂಗ್‌ಬ್ರಿಜ್ ಕಾರ್ಖಾನೆಯಿಂದ. ಕಂಪನಿ ಮುಳುಗಿದ್ದು 2005ರ ಏಪ್ರಿಲ್‌ನಲ್ಲಿ. ಅಂದರೆ ಸಿಗುವ ಪ್ರತಿ ಗಾಡಿಯ ರಬ್ಬರು, ಪ್ಲಾಸ್ಟಿಕ್ಕು ಇಪ್ಪತ್ತು ವರ್ಷ ಮೀರಿದ್ದು. (ನಮ್ಮ ಬೆಂಗಳೂರಿನ ಸಿಪಾನಿಯವರು ತೊಂಬತ್ತರ ದಶಕದಲ್ಲಿ ರೋವರ್ ಮಾಂಟೆಗೋ ಜೋಡಿಸಿ ಮಾರಿದ್ದರು, ನೆನಪಿರುವವರು ಇಲ್ಲಿದ್ದಾರೇನೋ. ಆ ಕಾರಿನ ಯಾವ ಸಾಮಾನೂ ಇದಕ್ಕೆ ಹೊಂದುವುದಿಲ್ಲ, ಊರಿಂದ ತರಿಸುವ ಯೋಚನೆ ಬಿಡಿ.) ಸಾಮಾನಿಗೆ ತೊಂದರೆಯಿಲ್ಲ, ಲಿಂಕನ್ನಿನ ರಿಮ್ಮರ್ ಬ್ರದರ್ಸ್ ಹತ್ತಿರ ಬೇಕಾದಷ್ಟಿದೆ. ಡೀಸೆಲ್ ಎಂಜಿನ್ ಬಿಎಂಡಬ್ಲ್ಯುನ ಎಂ47 ಆದ್ದರಿಂದ ಹಲವು ಭಾಗ ಆ ಕಡೆಯಿಂದಲೂ ಸಿಗುತ್ತವೆ.

1.8 ಪೆಟ್ರೋಲ್ ಅಂದರೆ ಕೆ-ಸೀರೀಸ್. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಯಾಕೆ ಹೋಗುತ್ತದೆ ಅಂತ ತಿಳಿದರೆ ಭಯ ಅರ್ಧಕ್ಕಿಳಿಯುತ್ತದೆ. ಈ ಎಂಜಿನ್ ಹಿಡಿಯುವ ನೀರೇ ಕಡಿಮೆ, ಸ್ವಲ್ಪ ಸೋರಿದರೂ ಬೇಗ ಕಾಯುತ್ತದೆ. ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತೆರೆದು ನೀರು ಬಿಡುವ ಕವಾಟ) ಇರುವುದು ನೀರು ಒಳಗೆ ಬರುವ ಕಡೆ. ಅದು ತೆರೆದಾಗ ರೇಡಿಯೇಟರಿನ ತಣ್ಣೀರು ಕಾದ ಬ್ಲಾಕಿಗೆ ನುಗ್ಗುತ್ತದೆ. ಹೆಡ್ ಮತ್ತು ಬ್ಲಾಕನ್ನು ಸರಿಯಾಗಿ ಕೂರಿಸುವ ಡವೆಲ್‌ಗಳು ಹಳೆಯ ಎಂಜಿನ್‌ಗಳಲ್ಲಿ ಪ್ಲಾಸ್ಟಿಕ್‌ನವು, ಹೆಡ್ ಕೂದಲೆಳೆಯಷ್ಟು ಅಲ್ಲಾಡುತ್ತದೆ. ಮೂಲ ಗ್ಯಾಸ್ಕೆಟ್ಟಿನ ರಬ್ಬರ್ ಅಂಚು ಆಗ ಕಿತ್ತುಬರುತ್ತದೆ.

ನೀರು ಕಡಿಮೆಯಾದ ತಕ್ಷಣ ಹೆಡ್ ಬಿಚ್ಚಬೇಡಿ. ಇನ್ಲೆಟ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಭಾಗ) ಗ್ಯಾಸ್ಕೆಟ್ಟೂ ಇದೇ ಲಕ್ಷಣ ತೋರಿಸುತ್ತದೆ, ಅದರ ಬೆಲೆ ತೀರಾ ಕಡಿಮೆ. ಎಕ್ಸ್‌ಪಾನ್ಷನ್ ಟ್ಯಾಂಕಿನ (ಎಂಜಿನ್ನಿನ ನೀರು ತುಂಬುವ ಡಬ್ಬಿ) ಮುಚ್ಚಳ ಒತ್ತಡ ಹಿಡಿಯದಿದ್ದರೂ ನೀರು ಹೋಗುತ್ತದೆ. ಹೆಡ್ ಗ್ಯಾಸ್ಕೆಟ್ಟೇ ಹೋಗಿದೆಯಾ ಅಂತ ನೋಡಲು ಬ್ಲಾಕ್ ಟೆಸ್ಟರ್ ಸಾಕು. ನೀಲಿ ದ್ರವ ತುಂಬಿದ ನಳಿಕೆಯನ್ನು ಟ್ಯಾಂಕಿನ ಬಾಯಿಗೆ ಒತ್ತಿ ಹಿಡಿದು, ಎಂಜಿನ್ ಚಾಲೂ ಇರುವಾಗ ಬಲ್ಬು ಅದುಮುತ್ತಾ ಗಾಳಿ ಎಳೆಯಬೇಕು. ಟ್ಯಾಂಕಿನ ನೀರು ನಳಿಕೆಗೆ ಬರಬಾರದು, ಬಂದರೆ ಪರೀಕ್ಷೆ ಕೆಟ್ಟಂತೆ. ನೀಲಿ ನಿಧಾನವಾಗಿ ಹಸಿರಾಗಿ ಹಳದಿಗೆ ತಿರುಗಿದರೆ ಹೊಗೆ ನೀರಿಗೆ ಸೇರುತ್ತಿದೆ ಎಂದರ್ಥ. ಇನ್ನೊಂದು ಗುರುತು, ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯ ಮೇಲಿನ ಹೋಸ್ ಬೆಳಿಗ್ಗೆಯೂ ಗಟ್ಟಿಯಾಗಿರುವುದು. ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂಥ ಕೆನೆ ಕಂಡರೆ ಮಾತ್ರ ಅವಸರ ಪಡಬೇಡಿ. ದಿನಾ ಸ್ಕೂಲಿಗೆ ಒಂದು ಮೈಲಿ ಹೋಗಿ ಬರುವ ಕಾರಿನಲ್ಲಿ ಚಳಿಗಾಲದಲ್ಲಿ ಅದು ಸಹಜ.

ಹೆಡ್ ಬಿಚ್ಚಿಸಲೇಬೇಕಾದರೆ ಗ್ಯಾರೇಜಿನವರಿಗೆ ಇಷ್ಟು ಹೇಳಿ. ಬಹುಪದರದ ಸ್ಟೀಲ್ ಗ್ಯಾಸ್ಕೆಟ್, ಸ್ಟೀಲ್ ಡವೆಲ್, ಹತ್ತು ಹೊಸ ಬೋಲ್ಟ್. ಬೋಲ್ಟ್ ಬಿಗಿಯುವುದು ಕ್ರಮವಾಗಿ 20 ನ್ಯೂಟನ್ ಮೀಟರ್, ಆಮೇಲೆ 180 ಡಿಗ್ರಿ, ಮತ್ತೆ 180 ಡಿಗ್ರಿ. ಈ ಬೋಲ್ಟುಗಳು ಹೆಡ್ಡಿನಿಂದ ಬ್ಲಾಕ್ ದಾಟಿ ತಳದ ಆಯಿಲ್ ರೈಲಿನವರೆಗೂ ಹೋಗುತ್ತವೆ, ಹೆಡ್ ತೆಗೆದ ಮೇಲೆ ಲೈನರುಗಳನ್ನು (ಪಿಸ್ಟನ್ ಓಡಾಡುವ ಕೊಳವೆಗಳು) ಹಿಡಿದಿಡುವುದು ಏನೂ ಇರುವುದಿಲ್ಲ. ಕ್ಲ್ಯಾಂಪ್ ಹಾಕದೆ ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಮೇಲೆದ್ದು ತಳದ ಸೀಲ್ ಬಿಡುತ್ತದೆ, ನೀರು ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ನಾಲ್ಕೂ ಲೈನರ್ ಬ್ಲಾಕಿನ ಮುಖಕ್ಕಿಂತ ಒಂದಿಷ್ಟು ಮೇಲೆದ್ದಿರಬೇಕು. ನೇರಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ಅಳೆದದ್ದನ್ನು ನಿಮಗೆ ತೋರಿಸಲಿ. ಕುಸಿದಿದ್ದರೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ದುಡ್ಡು ನೀರಿಗೆ ಹಾಕಿದ ಹಾಗೆ. ಅಷ್ಟು ಬಿಚ್ಚಿದ ಮೇಲೆ ಟೈಮಿಂಗ್ ಬೆಲ್ಟು, ವಾಟರ್ ಪಂಪು ಅದೇ ಕೂಲಿಯಲ್ಲಿ ಮುಗಿಸಿಬಿಡಿ.

ನನ್ನ ಕೇಳಿದರೆ ಈ ಕಾರಿಗೆ ಅತ್ಯುತ್ತಮ ಮಾಡಿಫಿಕೇಶನ್ ಕೂಲಂಟ್ ಕಡಿಮೆಯಾದರೆ ಕೂಗುವ ಅಲಾರಂ. ಕಾರಿನ ಟೆಂಪರೇಚರ್ ಮುಳ್ಳು ಮೇಲೇರುವಷ್ಟರಲ್ಲಿ ಹೆಡ್ ಸೊಟ್ಟಗಾಗಿರುತ್ತದೆ. ಲೆವೆಲ್ ಸೆನ್ಸರ್ ಇರುವ ಟ್ಯಾಂಕೋ, ಹಳೇ ಟ್ಯಾಂಕಿಗೇ ಸೆನ್ಸರ್ ಜೋಡಿಸುವ ಕಿಟ್ಟೋ ಹಾಕಿಸಿ, ಬಝರನ್ನು ಡ್ಯಾಶ್‌ಬೋರ್ಡಿನ ಕೆಳಗಿಡಿ. ಕೂಲಂಟ್ ಓಎಟಿ (ಆರ್ಗ್ಯಾನಿಕ್ ಆಸಿಡ್) ಜಾತಿಯದು, ಅರ್ಧಕ್ಕರ್ಧ ನೀರು. ಹಳೇ ನೀಲಿ ಬಣ್ಣದ್ದನ್ನು ಅದರ ಜೊತೆ ಬೆರೆಸಬೇಡಿ. ತುಂಬುವಾಗ ಬ್ಲೀಡ್ ಸ್ಕ್ರೂ ಸಡಿಲಿಸಿ ನಿಧಾನಕ್ಕೆ ಸುರಿಯಿರಿ, ಗಾಳಿ ಸಿಕ್ಕಿಕೊಂಡರೆ ಹೀಟರ್ ತಣ್ಣಗೇ ಊದುತ್ತದೆ.

ಮಿಲ್ಟನ್ ಕೀನ್ಸ್:
ಡೀಸೆಲ್ ವಿಷಯ ನಾನು ಹೇಳ್ತೀನಿ. ಚೈನ್ ಇರುವ ಎಂಜಿನ್, ಟೈಮಿಂಗ್ ಬೆಲ್ಟಿನ ಖರ್ಚಿಲ್ಲ. ಇದನ್ನು ಕೊಲ್ಲುವುದು ಮಳೆ ನೀರು.

ಮುಂದಿನ ಗಾಜಿನ ಕೆಳಗೆ, ಬಾನೆಟ್ ಹಿಂದೆ ಒಂದು ತೊಟ್ಟಿ ಇದೆ, ಪ್ಲೀನಮ್ ಅಂತಾರೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗೆ ಇಳಿದು ಎರಡೂ ಮೂಲೆಯ ಕೊಳವೆಗಳಿಂದ ಹೊರಗೆ ಹೋಗಬೇಕು. ಎಂಜಿನ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ಟಿಗೆ ಕೂತಿರುವುದು ಅದೇ ತೊಟ್ಟಿಯ ಎಡ ಮೂಲೆಯಲ್ಲಿ. ಮರದ ಕೆಳಗೆ ನಿಲ್ಲಿಸುವ ಗಾಡಿಯಲ್ಲಿ ಎಲೆ ಕೊಳೆತು ಕಾಫಿ ಗಷ್ಟಿನಂಥ ಕಪ್ಪು ಕೆಸರಾಗಿ ಕೊಳವೆಯ ಬಾಯಿಗೆ ಮೆತ್ತಿಕೊಳ್ಳುತ್ತೆ, ನೀರು ಏರಿ ಪೆಟ್ಟಿಗೆಯೊಳಗೆ ಹೋಗುತ್ತೆ. ಆಮೇಲೆ ಗಾಡಿ ಸ್ಟಾರ್ಟ್ ಆಗಲ್ಲ, ಸಂಬಂಧವಿಲ್ಲದ ದೀಪಗಳೆಲ್ಲ ಹತ್ತಿಕೊಳ್ತವೆ.

ಅಕ್ಟೋಬರಿನಲ್ಲೊಂದು ಸಲ, ಎಲೆ ಉದುರಿ ಮುಗಿದ ಮೇಲೆ ಡಿಸೆಂಬರಿನಲ್ಲೊಂದು ಸಲ ಇದನ್ನು ನೋಡಲೇಬೇಕು. ಪೋಲನ್ ಫಿಲ್ಟರಿನ (ಕಾರಿನೊಳಗೆ ಬರುವ ಗಾಳಿಯನ್ನು ಸೋಸೋದು) ಡಬ್ಬಿ ತೆಗೆದರೆ ತಳ ಕಾಣುತ್ತೆ. ಕೈಯಲ್ಲಿ ಸಿಗುವ ಕೆಸರು ಬಾಚಿ ತೆಗೆದು, ಬಾಗುವ ಪ್ಲಾಸ್ಟಿಕ್ ಕಡ್ಡಿ ಕೊಳವೆಗೆ ಇಳಿಸಿ ಆಡಿಸಿ. ಕಂಪ್ರೆಸರ್ ಗಾಳಿ ಊದಬೇಡಿ, ಕೊಳವೆ ಕಳಚಿಕೊಂಡರೆ ಇನ್ನೊಂದು ರಗಳೆ. ಕೊಳವೆಯ ಕೊನೆಯಲ್ಲಿರುವ ರಬ್ಬರ್ ತುಟಿಯೇ ಕೆಸರನ್ನು ಹಿಡಿಯೋದು, ಬಹಳ ಜನ ಅದನ್ನು ಕತ್ತರಿಸಿ ತೆಗೆದುಬಿಡ್ತಾರೆ, ನಾನೂ ಅದನ್ನೇ ಹೇಳೋದು. ಕೊನೆಗೆ ಮಗ್ಗಿನಲ್ಲಿ ಒಂದು ಲೀಟರ್ ನೀರು ಒಂದೊಂದು ಮೂಲೆಗೂ ಸುರಿಯಿರಿ. ಗಡಗಡ ಅಂತ ಚಕ್ರದ ಹಿಂದೆ ನೆಲಕ್ಕೆ ಬಿದ್ದರೆ ಸರಿ, ತೊಟ್ಟಿಕ್ಕಿದರೆ ಇನ್ನೂ ಕಟ್ಟಿದೆ ಅಂತ. ಹದಿನೈದು ನಿಮಿಷದ ಕೆಲಸ, ಆದರೆ ಎಂಜಿನ್ ಕೆಲಸಕ್ಕಿಂತ ಮುಖ್ಯ.

ಆಮೇಲೆ ಡೀಸೆಲ್ ಪಂಪು. ಟ್ಯಾಂಕಿನಲ್ಲೊಂದು, ಬಾನೆಟ್ ಕೆಳಗೊಂದು. ಕೀ ತಿರುಗಿಸಿ ಸ್ಟಾರ್ಟ್ ಮಾಡದೆ ಕಿವಿಗೊಟ್ಟರೆ ಎರಡೂ ಗುಂಯ್ ಅನ್ನಬೇಕು. ಬಾನೆಟ್ ಕೆಳಗಿನದೇ ಮೊದಲು ಕೈಕೊಡೋದು. ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾಗಿ ಬಂದರೆ ಅದೇ ಸೂಚನೆ. ನಾಳೆ ಅನ್ನಬೇಡಿ, ಪೂರೈಕೆ ಕಮ್ಮಿಯಾದರೆ ದುಬಾರಿಯ ಹೈ ಪ್ರೆಶರ್ ಪಂಪು ಒಣಗಿ ಸವೆಯುತ್ತೆ. ಕ್ರ್ಯಾಂಕ್‌ಕೇಸ್ ಬ್ರೀದರ್ ಫಿಲ್ಟರನ್ನು (ಎಂಜಿನ್ ಒಳಗಿನ ಆವಿ ಹೊರಬಿಡುವ ದಾರಿಯ ಫಿಲ್ಟರ್) ಯಾರೂ ಬದಲಾಯಿಸಿರಲ್ಲ. ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಸೀಲುಗಳಿಂದ ಆಯಿಲ್ ಜಿನುಗುತ್ತೆ. ಬಿಎಂಡಬ್ಲ್ಯುನ ಸುರುಳಿ ಮಾದರಿಯ ಫಿಲ್ಟರ್ ಹಾಕಿದರೆ ಆ ಚಿಂತೆ ಬಿಡಬಹುದು.

ಚಳಿಗಾಲದಲ್ಲಿ ಹೀಟರ್ ಉಗುರುಬೆಚ್ಚಗೆ ಮಾತ್ರ ಬಂದರೆ ಥರ್ಮೋಸ್ಟ್ಯಾಟ್ ತೆರೆದೇ ನಿಂತಿದೆ ಅಂತ. ಮೂಲ ಭಾಗದ ಕೆಲಸ ರೇಜಿಗೆಯದು. ಅಗ್ಗದ ದಾರಿ ಅಂದರೆ ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ನಡುವೆ ರೆನೋ 5 ಕಾರಿನ ಇನ್‌ಲೈನ್ ಥರ್ಮೋಸ್ಟ್ಯಾಟ್ ಕೂರಿಸಿ ಎರಡೂ ಕಡೆ ಕ್ಲಿಪ್ ಬಿಗಿಯೋದು. ಮೇಣದ ಉಂಡೆ ಇರುವ ಮುಖ ಎಂಜಿನ್ ಕಡೆಗಿರಲಿ, ತಿರುಗಿಸಿ ಹಾಕಿದರೆ ಬಿಸಿ ತಟ್ಟದೆ ತಡವಾಗಿ ತೆರೆಯುತ್ತೆ. ಮಕ್ಕಳು ಹಿಂದೆ ನಡುಗೋದು ನಿಲ್ಲುತ್ತೆ, ಡೀಸೆಲ್ಲೂ ಉಳಿಯುತ್ತೆ.

ಪೆಟ್ರೋಲ್, ಡೀಸೆಲ್ ಎರಡಕ್ಕೂ ಹೇಳೋದಾದರೆ ರೇಡಿಯೇಟರ್ ಫ್ಯಾನಿನ ಲೋ ಸ್ಪೀಡ್ ಸುಟ್ಟಿರುವ ಗಾಡಿಗಳೇ ಹೆಚ್ಚು. ಎಸಿ ಹಾಕಿದ ಕೂಡಲೇ ಫ್ಯಾನ್ ನಿಧಾನವಾಗಿ ತಿರುಗಬೇಕು. ಇನ್ನು ಕ್ಲಚ್ಚಿನ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಪ್ಲಾಸ್ಟಿಕ್‌ದು, ಗೇರ್‌ಬಾಕ್ಸಿನ ಒಳಗಡೆ ಇದೆ. ಪೆಡಲ್ ಕೆಳಗೇ ಅಂಟಿಕೊಂಡು ಮೇಲೆ ಬರದಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಕೂಲಿಯೇ ಹೆಚ್ಚು, ಆದ್ದರಿಂದ ಕ್ಲಚ್ ಪ್ಲೇಟೂ ಒಟ್ಟಿಗೇ ಹಾಕಿಸಿ. ಈ ಲಕ್ಷಣ ಇರುವ ಗಾಡಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಬರ್ಮಿಂಗ್‌ಹ್ಯಾಮ್:
ಅಕ್ಕಾ, ಮಕ್ಕಳ ಸೀಟಿನ ವಿಷಯ ಇನ್ನೂ ಯಾರೂ ಎತ್ತಿಲ್ಲ. ಇಲ್ಲಿ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಆಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಸೀಟು ಕಡ್ಡಾಯ. ಹಿಂದೆ ಎರಡು ಮಕ್ಕಳ ಸೀಟು ಹಾಕಿ ನಡುವೆ ಅತ್ತೆಯವರನ್ನು ಕೂರಿಸಿದರೆ ಅವರಿಗೆ ಬೆಲ್ಟ್ ಬಕಲ್ ಕೈಗೆ ಸಿಗಲ್ಲ, ಸೊಂಟವೂ ಹಿಡಿಯುತ್ತೆ. ಅತ್ತೆಯವರು ಮುಂದೆ, ನೀವು ನಡುವೆ ಅನ್ನೋ ಲೆಕ್ಕ ಇಟ್ಟುಕೊಳ್ಳಿ. ಗಾಡಿ ನೋಡೋಕೆ ಹೋಗುವಾಗ ಎರಡೂ ಸೀಟು ಜೊತೆಗೆ ತಗೊಂಡು ಹೋಗಿ ಅಲ್ಲೇ ಕೂರಿಸಿ ನೋಡಿ. ಹಿಂದಕ್ಕೆ ಮುಖ ಮಾಡುವ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡೋ ಹಾಗೇ ಇಲ್ಲ.

ಎಸ್ಟೇಟ್ ಗಾಡಿಯಲ್ಲಿ ಮಕ್ಕಳ ತಲೆಗೂ ಡಿಕ್ಕಿ ಸಾಮಾನಿಗೂ ಮಧ್ಯೆ ಗೋಡೆ ಇರಲ್ಲ. ವೆಟ್ ಗ್ರೈಂಡರ್, 20 ಕೆಜಿ ಅಕ್ಕಿ ಮೂಟೆ, ಕುಕ್ಕರ್ ಹಾಕ್ಕೊಂಡು ಜೋರಾಗಿ ಬ್ರೇಕ್ ಹೊಡೆದರೆ ಅವು ಮುಂದಕ್ಕೇ ಬರೋದು. ಹಳೇ ಗಾಡಿಯಿಂದ ಬಿಚ್ಚಿದ ಲೋಹದ ಡಾಗ್ ಗಾರ್ಡ್ ಸ್ಕ್ರ್ಯಾಪ್ ಯಾರ್ಡಿನಲ್ಲಿ ಸಿಗುತ್ತೆ, ಮೊದಲು ಅದನ್ನು ಹಾಕಿಸಿ. ಭಾರದ್ದು ಸೀಟಿನ ಬೆನ್ನಿಗೆ ಒತ್ತಿ ಕೆಳಗಡೆ, ಬೆಲ್ಟ್ ಹಾಕಿ ನೆಲದ ಕೊಂಡಿಗೆ ಕಟ್ಟಿ.

ಮಾಡಿಫೈ ವಿಚಾರ. ಹೆಡ್‌ಲ್ಯಾಂಪ್ ಮಂಕಾಗಿದ್ದರೆ ಎಲ್‌ಇಡಿ ಬಲ್ಬು ತುರುಕಬೇಡಿ. ಹ್ಯಾಲೊಜನ್ ಲ್ಯಾಂಪಿಗೆ ಎಲ್‌ಇಡಿ, ಎಚ್‌ಐಡಿ ಹಾಕಿದರೆ ಎಂಓಟಿ (ವರ್ಷಕ್ಕೊಮ್ಮೆ ಗಾಡಿಗೆ ಮಾಡಿಸುವ ಕಡ್ಡಾಯ ತಪಾಸಣೆ) ಫೇಲು. ಸುತ್ತ ಟೇಪ್ ಅಂಟಿಸಿ, ನೀರು ಹಾಕುತ್ತಾ 800, 1500, 2000, 3000 ನಂಬರಿನ ಉಜ್ಜು ಕಾಗದ ಒಂದಾದ ಮೇಲೊಂದು, ಆಮೇಲೆ ಪಾಲಿಶ್, ಕೊನೆಗೆ ಯುವಿ ಲ್ಯಾಕರ್. ಲ್ಯಾಕರ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಮುಂದಿನ ಬಾಗಿಲ ಗಾಜಿಗೆ ಕಪ್ಪು ಫಿಲ್ಮ್ ಬೇಡ, ಶೇಕಡಾ 70 ಬೆಳಕು ಒಳಗೆ ಬರಲೇಬೇಕು. ಮಕ್ಕಳ ಕಡೆ ಹಿಂದಿನ ಗಾಜಿಗೆ ಹಾಕಿಸಬಹುದು. 115 ಅಶ್ವಶಕ್ತಿಯ ಡೀಸೆಲ್ಲನ್ನು ರೀಮ್ಯಾಪ್ ಮಾಡಿ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ) 131ಕ್ಕೆ ಏರಿಸೋದುಂಟು, ಆದರೆ ಕ್ಲಚ್ ಗಟ್ಟಿಯಿದ್ದರೆ ಮಾತ್ರ. ಚಕ್ರ, ಟೋಬಾರ್, ರೀಮ್ಯಾಪ್ ಏನೇ ಮಾಡಿದರೂ ವಿಮೆಯವರಿಗೆ ಮೊದಲೇ ತಿಳಿಸಿ. ಮುಚ್ಚಿಟ್ಟರೆ ಕ್ಲೇಮಿನ ದಿನ ಕೈ ಎತ್ತಬಹುದು.

ಕೆಂಪು-ಹಳದಿ ಬಾವುಟದ ಸ್ಟಿಕರ್ ನಂಬರ್ ಪ್ಲೇಟಿನ ಮೇಲೆ ಬೇಡ, ಊರಿನ ಹಾಗೆ ಕನ್ನಡ ಅಂಕಿ ಬರೆಸೋಕೂ ಇಲ್ಲಿ ಆಗಲ್ಲ. ಹಿಂದಿನ ಗಾಜಿನ ಮೂಲೆಗೆ ಅಂಟಿಸಿ. ಟೂರರಿನ ಆ ಗಾಜು ಬಾಗಿಲು ತೆರೆಯದೆ ಬೇರೆಯಾಗಿಯೇ ಎತ್ತಿಕೊಳ್ಳುತ್ತೆ, ಹಾಲು ತರಕಾರಿ ಇಡೋಕೆ ಬಹಳ ಅನುಕೂಲ.

ಸ್ಲೌ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಗಾಡಿ ನೋಡೋಕೆ ಹೋಗ್ತೀವಿ, 1.8 ಪೆಟ್ರೋಲ್. ಅಲ್ಲಿ ಏನೇನು ನೋಡ್ಲಿ?

ರೆಡಿಂಗ್:
ಹೋಗುವ ಮೊದಲು ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಎಂಓಟಿ ಚರಿತ್ರೆ ಓದಿ, ದುಡ್ಡು ಕೊಡಬೇಕಿಲ್ಲ. ಸ್ಪ್ರಿಂಗ್ ಮುರಿದಿತ್ತು ಅಂತ ಇದ್ದರೆ ಹೆದರಬೇಡಿ, ಈ ಕಾರಿನಲ್ಲಿ ಮುಂದಿನ ಸ್ಪ್ರಿಂಗಿನ ತಳದ ಸುತ್ತು ಮುರಿಯುವುದು ಸಾಮಾನ್ಯ, ಜೋಡಿಯಾಗಿ ಬದಲಾಯಿಸಿದ್ದಾರಾ ಕೇಳಿ. ಮಾರುವವರಿಗೆ ಎಂಜಿನ್ ಚಾಲೂ ಮಾಡದೆ ಇಟ್ಟಿರಿ ಅಂತ ಫೋನಿನಲ್ಲೇ ಹೇಳಿ. ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಿ, ಮೇಲಿನ ಹೋಸ್ ಹಿಸುಕಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಮುಂದಿನ ಎರಡೂ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ, ಒದ್ದೆಯಿದ್ದರೆ ತೊಟ್ಟಿ ಕಟ್ಟಿದೆ. ಎಸಿ ಹಾಕಿ ಫ್ಯಾನ್ ನೋಡಿ. ಅರ್ಧ ಗಂಟೆ ಓಡಿಸಿ, ಮೋಟರ್‌ವೇ ಒಂದಿಷ್ಟು ಇರಲಿ. ವಾಪಸು ಬಂದು ಪೂರ್ತಿ ತಣ್ಣಗಾಗುವವರೆಗೆ ಅಲ್ಲೇ ಟೀ ಕುಡಿದು ಕಾಯಿರಿ, ಬಿಸಿಯಿರುವಾಗ ಮುಚ್ಚಳ ಮುಟ್ಟಬೇಡಿ. ನೀರು ನೀವೆಳೆದ ಗೆರೆಗಿಂತ ಕೆಳಗಿದ್ದರೆ ಬೆಲೆ ಎಷ್ಟು ಇಳಿಸಿದರೂ ಎದ್ದು ಬನ್ನಿ.